ಅಜ್ಜನ ಗೂಟ

ನಮ್ಮ ಮನೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವ ಜಾಗ ಒಂದೇ ಒಂದು. ಹಿತ್ತಿಲ ಬೇಲಿಯ ಪಡುವಣ ಮೂಲೆ. ಅಲ್ಲೊಂದು ಗೂಟ. ಎಡಗೈಯಲ್ಲಿ ಅದನ್ನು ಹಿಡಿದು, ಬಲಗಿವಿಗೆ ಫೋನು ಒತ್ತಿ, ಕತ್ತನ್ನು ತುಸು ಕುಮಟೆಯ ದಿಕ್ಕಿಗೆ ವಾಲಿಸಿದರೆ ಬೆಂಗಳೂರಿನಲ್ಲಿರುವ ಮಗಳ ಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟ. ಕತ್ತು ನೆಟ್ಟಗಾಯಿತೋ, ಬರೀ ಜೀರುಂಡೆಯ ಸದ್ದು. ಮತ್ತಿಘಟ್ಟದಂಥ ಘಟ್ಟದಂಚಿನ ಊರಿನಲ್ಲಿ ವಿಜ್ಞಾನ ಹೀಗೆ ಕತ್ತು ಕೊಂಕಿಸಿಯೇ ಒಳಗೆ ಬರುವುದು.

ಕಳೆದ ಮೇ ತಿಂಗಳ ಒಂದು ಸಂಜೆ ಮಗಳು ಏನೋ ತಮಾಷೆ ಹೇಳಿದಳು. ನಾನು ನಕ್ಕೆ. ನಗುವಾಗ ಮೈಭಾರ ಗೂಟದ ಮೇಲೆ ಬಿತ್ತು. ಗೂಟ ಲಟಕ್ಕೆಂದಿತು. ನಾನೂ, ಗೂಟವೂ, ಅದಕ್ಕೆ ಕಟ್ಟಿದ್ದ ಎರಡು ಮಾರು ಬೇಲಿಯೂ, ಬೇಲಿಯ ಮೇಲೆ ಒಣಗಿ ನಿಂತಿದ್ದ ಅವರೆ ಬಳ್ಳಿಯೂ ಒಟ್ಟಿಗೇ ಮಲಗಿದೆವು. ಫೋನು ಮಾತ್ರ ಕೈಯಲ್ಲೇ ಇತ್ತು, ಮಗಳು ಮಾತಾಡುತ್ತಲೇ ಇದ್ದಳು. ಅಡುಗೆಮನೆಯ ಬಾಗಿಲಿಗೆ ಬಂದ ಹೆಂಡತಿ ಒಂದು ಕ್ಷಣ ನೋಡಿ ಕೇಳಿದಳು: “ಬಿದ್ರಾ? ಬಸಳೆ ಬುಡದ ಮೇಲೆ ಬಿದ್ದಿದ್ದಿಲ್ಲೆ ಅಲ್ದಾ?”

ಬಸಳೆ ಬುಡ ಪಾರಾಗಿತ್ತು. ಆದರೆ ಮಾರನೆಯ ಬೆಳಗ್ಗೆ, ನಾನು ಉಳುಕಿದ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವಾಗ, ಕೇರಿಯ ದನವೊಂದು ಆ ಎರಡು ಮಾರಿನ ಬಾಯಲ್ಲಿ ಒಳಗೆ ಬಂದು ಬಸಳೆಯನ್ನು ಬುಡಸಮೇತ ಮುಗಿಸಿ, ಬದನೆ ಸಸಿಗಳನ್ನು ತುಳಿದು, ಹೋಗುವಾಗ ಸೆಗಣಿ ಹಾಕಿ ಲೆಕ್ಕ ಚುಕ್ತಾ ಮಾಡಿತು. ಅಂದೇ ಮನೆಯಲ್ಲಿ ಠರಾವು ಪಾಸಾಯಿತು. ಈ ಸಲ ಬೇಲಿ ಗಟ್ಟಿಯಾಗಬೇಕು. ವರ್ಷಾ ವರ್ಷಾ ಇದೇ ರಗಳೆ ಸಾಕು. ಹತ್ತು ವರ್ಷವಾದರೂ ಮಿಸುಕದ ಗೂಟ ಬೇಕು.

ಮುರಿದ ಗೂಟವನ್ನು ಜಗಲಿಗೆ ತಂದು ಪರೀಕ್ಷೆ ಮಾಡಿದೆ. ಮೇಲಿನ ನಾಲ್ಕಡಿ ಗಟ್ಟಿಮುಟ್ಟು. ಹಾರೆ ಹಾಕಿ ಕಿತ್ತರೆ ಮಣ್ಣೊಳಗಿನ ಒಂದೂವರೆ ಅಡಿಯೂ ಅಡ್ಡಿಯಿಲ್ಲ. ಹೋಗಿದ್ದು ನಡುವಿನ ನಾಲ್ಕು ಬೆರಳು, ನೆಲಮಟ್ಟದ್ದು. ಅಲ್ಲಿ ಮರ ಅನ್ನುವುದು ಉಪ್ಪಿಟ್ಟಿನ ಹದಕ್ಕೆ ಬಂದಿತ್ತು. ಬೆರಳಲ್ಲಿ ಚಿವುಟಿದರೆ ಉದುರುತ್ತಿತ್ತು. ಆಳದ ಮಣ್ಣಿನಲ್ಲಿ ಗಾಳಿ ಸಾಲದು, ಮೇಲಿನ ಗಾಳಿಯಲ್ಲಿ ಒದ್ದೆ ನಿಲ್ಲದು. ಇವೆರಡೂ ಕೈ ಕುಲುಕುವ ಗಡಿಯಲ್ಲೇ ಬೂಷ್ಟಿಗೂ ಒರಲೆಗೂ ಹಬ್ಬ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಯ್ಯುವ ನಮ್ಮೂರಲ್ಲಿ ಆ ಹಬ್ಬ ನಾಲ್ಕು ತಿಂಗಳು ನಡೆಯುತ್ತದೆ. ಅದಕ್ಕೇ ಹಿಂದಿನವರು ಗೂಟದ ಬುಡವನ್ನು ಬೆಂಕಿಯಲ್ಲಿ ಕರಿಕಾಗಿ ಸುಟ್ಟು ಹುಗಿಯುತ್ತಿದ್ದರು. ಡಾಂಬರು ಬಳಿಯುವವರು, ಗೇರೆಣ್ಣೆ ಹಚ್ಚುವವರು, ಜೀಪಿನಿಂದ ಇಳಿಸಿದ ಹಳೇ ಆಯಿಲ್ ಕುಡಿಸುವವರು ಈಗಲೂ ಇದ್ದಾರೆ. ಬುಡ ಪೂರ್ತಿ ಹಚ್ಚಿ ನೆಲಮಟ್ಟದಲ್ಲಿ ಒಂದು ಗೇಣು ಬಿಟ್ಟುಬಿಡುವವರೂ ಇದ್ದಾರೆ. ಆ ಜಾತಿಯವನು ನಾನು.

ಮುರಿದದ್ದು ಅಕೇಶಿಯಾ ಗೂಟ. ಆಸ್ಟ್ರೇಲಿಯಾ, ನ್ಯೂಗಿನಿಗಳ ಕಡೆಯ ಈ ಮರ ನಮ್ಮ ಜಿಲ್ಲೆಯ ಬೋಳು ಗುಡ್ಡಗಳನ್ನು ಬೇಗ ಹಸಿರು ಮಾಡಲೆಂದು ಬಂದದ್ದು. ಬೇಗ ಮಾಡಿತು ಕೂಡ. ಬೇಗ ಬೆಳೆದದ್ದು ಬೇಗ ಹೋಗುತ್ತದೆ ಎಂದು ಎಲ್ಲ ಮರಕ್ಕೂ ಹೇಳಬಾರದು, ಆದರೆ ಎಳೆಯ ಅಕೇಶಿಯಾ ಕೊಂಬೆಯನ್ನು ಹಸಿಹಸಿಯೇ ತಂದು ಹುಗಿದರೆ ಮೂರು ಮಳೆಗಾಲ ಕಾಣುವುದೂ ಪುಣ್ಯ. ಕಾರಣ ಸರಳ, ಎಳೆ ಮರದಲ್ಲಿ ಕೆಚ್ಚು ಕಟ್ಟಿರುವುದಿಲ್ಲ. ಮರದ ಹೊರಗಿನ ಬಿಳಿಭಾಗ ನೀರು ಸಾಗಿಸುವ ಜೀವಂತ ಭಾಗ, ಸಿಹಿಯೂ ಹಿಟ್ಟೂ ತುಂಬಿರುವ ಭಾಗ. ಒರಲೆಗೆ ಅದು ಊಟ. ಮರ ವಯಸ್ಸಾದಂತೆ ಒಳಗಿನ ಮರಕ್ಕೆ ತನ್ನ ರಾಳ, ಒಗರು, ವಿಷಗಳನ್ನೆಲ್ಲ ತುಂಬಿ ಬಾಗಿಲು ಮುಚ್ಚುತ್ತದೆ. ಅದು ಕೆಚ್ಚು. ಎದೆಗಾರನನ್ನು ಕೆಚ್ಚೆದೆಯವನು ಅನ್ನುವ ನಮ್ಮ ಭಾಷೆ ಬಡಗಿಯ ಜಗಲಿಯಲ್ಲಿ ಬಹಳ ಹೊತ್ತು ಕೂತು ಬಂದದ್ದೇ ಇರಬೇಕು.

ಗೂಟದ ಸುದ್ದಿ ಕೇರಿಗೆ ಹಬ್ಬಿತು. ನಮ್ಮಲ್ಲಿ ಅಡಿಕೆಗೆ ದರ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಯಾರಾದರೂ ಬಿದ್ದರೆ ಎಲ್ಲರಿಗೂ ಸಲಹೆ ಇರುತ್ತದೆ. ಕವಳದ ತಟ್ಟೆಯ ಸುತ್ತ ಕೂತ ಸಭೆಯಲ್ಲಿ ಮೊದಲ ಸಲಹೆ ಊರ ಹೆಸರಿನಿಂದಲೇ ಬಂತು. “ಮತ್ತಿಘಟ್ಟದಲ್ಲಿದ್ದು ಅಕೇಶಿಯಾ ಹುಗೀತ್ಯಲಾ, ಊರಿನ ಮರ್ಯಾದೆ ಎಂತಕ್ಕೆ ಬಂತು?”

ಮತ್ತಿ ಮರ ಹೆಚ್ಚಿದ್ದ ಘಟ್ಟ ಮತ್ತಿಘಟ್ಟ ಎಂದು ನಾವು ಹೇಳಿಕೊಳ್ಳುತ್ತೇವೆ. ಈಗಲೂ ಬೆಟ್ಟದಲ್ಲಿ ಮತ್ತಿಗೆ ಬರವಿಲ್ಲ. ಕಾಡಿನಲ್ಲಿ ಇದನ್ನು ಗುರುತು ಹಿಡಿಯಲು ಸಸ್ಯಶಾಸ್ತ್ರ ಓದಬೇಕಿಲ್ಲ. ತೊಗಟೆ ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿ ಬಿರಿದಿರುತ್ತದೆ. ಕೆಲವು ಮತ್ತಿ ಮರಗಳು ಬೇಸಗೆಯಲ್ಲಿ ಹೊಟ್ಟೆ ಉಬ್ಬಿಸಿ ಕಾಂಡದೊಳಗೆ ನೀರು ಹಿಡಿದಿಟ್ಟುಕೊಂಡಿರುತ್ತವೆ. ಅಲ್ಲಿಗೆ ಕತ್ತಿಯೇಟು ಬಿದ್ದರೆ ನಲ್ಲಿ ಬಿಟ್ಟಂತೆ ಸುರಿಯುತ್ತದೆ. ತೊಗಟೆಯ ಬೂದಿಯಲ್ಲಿ ಸುಣ್ಣ ಎಷ್ಟಿದೆಯೆಂದರೆ ಅದನ್ನೇ ಎಲೆಯಡಿಕೆಗೆ ಹಚ್ಚಿಕೊಳ್ಳುವ ಜನ ಇದ್ದರಂತೆ. ಮರ ಗಟ್ಟಿ, ಭಾರ, ಕಪ್ಪುಮಿಶ್ರಿತ ಕಂದು. ನಮ್ಮ ಹಳೇ ಮನೆಗಳ ಕಂಬ ತೊಲೆಗಳಲ್ಲಿ ಅದು ಅಡಗಿ ಕೂತಿದೆ. ಆದರೆ ಸ್ವಭಾವ ಸ್ವಲ್ಪ ಹಠಮಾರಿ. ಒಣಗುವಾಗ ಸೀಳು ಬಿಡುತ್ತದೆ. ಮೊಳೆ ಹೊಡೆದರೆ ಮೊಳೆ ಬಾಗುತ್ತದೆ, ಬಡಗಿ ಬೈಯುತ್ತಾನೆ. ಊರಿನವರ ಗುಣಕ್ಕೂ ಊರಿನ ಮರಕ್ಕೂ ಸಂಬಂಧ ಇದೆಯೇ ಎಂಬ ಪ್ರಶ್ನೆಯನ್ನು ಪಕ್ಕದೂರಿನ ನೆಂಟರು ಎತ್ತುವುದುಂಟು. ನಾವು ಕವಳ ಬಾಯಿಗೆ ಹಾಕಿಕೊಂಡು ಉತ್ತರ ತಪ್ಪಿಸುತ್ತೇವೆ.

ಮತ್ತಿ ಎಂದವರಿಗೆ ಇನ್ನೊಬ್ಬರು ಹೊನ್ನೆ ಎಂದರು. ಮತ್ತೊಬ್ಬರು ನಂದಿ. ಕತ್ತಲು ಪಕ್ಷದಲ್ಲಿ ಕಡಿದ ಮರಕ್ಕೆ ಹುಳ ಬೀಳದು ಎಂದು ಹಿರಿಯರೊಬ್ಬರು. ತುದಿ ಕೆಳಗೆ, ಬುಡ ಮೇಲೆ ಮಾಡಿ ಹುಗಿದರೆ ನೀರು ಏರದು ಎಂದು ಮತ್ತೊಬ್ಬ ಹಿರಿಯರು. ಹಾಗೆ ಹುಗಿದವರು ಯಾರಾದರೂ ಇದ್ದಾರೋ ಎಂದರೆ, ಇದ್ದರು, ಈಗಿಲ್ಲ ಎಂದರು. ಗೂಟವೋ ಅವರೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಂಥ ಜಗಳ ಬಗೆಹರಿಸಲೆಂದೇ ಒಂದು ಶಾಸ್ತ್ರ ಇದೆ ಎಂಬುದು ನನಗೆ ಗೊತ್ತಾದದ್ದು ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದ ಅಳಿಯನಿಂದ. ಡೆಹ್ರಾಡೂನಿನಲ್ಲಿ 1906ರಲ್ಲಿ ಶುರುವಾದ ಅರಣ್ಯ ಸಂಶೋಧನಾ ಸಂಸ್ಥೆಯವರು ದೇಶದ ಮರಗಳನ್ನೆಲ್ಲ ಗೂಟ ಮಾಡಿ ಹುಗಿದು ನೋಡಿದ್ದಾರೆ. ಸುಮಾರು ಎರಡಡಿ ಉದ್ದ, ಎರಡಿಂಚು ಚೌಕದ ತುಂಡುಗಳು. ಅರ್ಧ ಮಣ್ಣೊಳಗೆ, ಅರ್ಧ ಹೊರಗೆ. ಸಾಲುಸಾಲಾಗಿ ಹುಗಿದು, ಕಾಲಕಾಲಕ್ಕೆ ಬಂದು ಅಲುಗಾಡಿಸಿ, ಯಾರು ಹೋದರು ಯಾರು ಉಳಿದರು ಎಂದು ಬರೆದುಕೊಳ್ಳುವುದು. ಆ ಅಂಗಳಕ್ಕೆ ಅವರಿಟ್ಟ ಹೆಸರು ಸ್ಮಶಾನ. ಸರಾಸರಿ 120 ತಿಂಗಳು ಬಾಳಿದ್ದು ಮೊದಲ ದರ್ಜೆ, 60ರಿಂದ 120 ತಿಂಗಳು ಎರಡನೆಯದು, 60 ತಿಂಗಳೊಳಗೆ ಹೋದದ್ದು ಮೂರನೆಯದು. ಸಾಗವಾನಿ, ಜಂಬೆ ಮೊದಲ ದರ್ಜೆ. ಮಾವು, ಬೂರುಗ ಕೊನೆಯ ಬೆಂಚು.

60 ತಿಂಗಳೆಂದರೆ ಐದು ವರ್ಷ. ನಮ್ಮ ಪತ್ರಿಕೆಗಳು ಮಂತ್ರಿಗಳ ಕೆಂಪುದೀಪದ ಕಾರಿಗೆ ‘ಗೂಟದ ಕಾರು’ ಎನ್ನುತ್ತಿದ್ದವು. 2017ರ ಮೇ 1ರಿಂದ ಆ ದೀಪ ತೆಗೆಸಿದರು, ಹೆಸರು ಹೋಗಲಿಲ್ಲ. ಈ ನಾಡಿನಲ್ಲಿ ಎಷ್ಟು ಮಂತ್ರಿಗಳ ಗೂಟ 60 ತಿಂಗಳು ನೆಟ್ಟಗೆ ನಿಂತಿದೆ ಎಂದು ಲೆಕ್ಕ ಹಾಕಿದರೆ ಬಹುಪಾಲು ಮಾವು ಬೂರುಗದ ಪಕ್ಕ ಕೂರಬೇಕಾಗುತ್ತದೆ. ಹುಗಿಯುವಾಗ ಎಲ್ಲರೂ ಸಾಗವಾನಿಯೇ.

ಸಾಗವಾನಿಯ ಮಾತು ಬಂತು. 1817ರಲ್ಲಿ ಮುಂಬಯಿಯ ಹಡಗುಕಟ್ಟೆಯಲ್ಲಿ ಮಲಬಾರಿನ ಸಾಗವಾನಿಯಿಂದ ಕಟ್ಟಿದ ‘ಟ್ರಿಂಕೋಮಲೀ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ. ಇನ್ನೂರು ವರ್ಷ ನೀರಲ್ಲಿದ್ದೂ ಕರಗದ ಮರ ನಮ್ಮ ಬಸಳೆ ಕಾಯಲಾರದೇ? ಕಾಯಬಹುದು. ಆದರೆ ಹಿತ್ತಿಲಲ್ಲಿ ಸಾಗವಾನಿ ಗೂಟ ನೆಡುವುದೆಂದರೆ ಹಟ್ಟಿಯಲ್ಲಿ ಬೆಳ್ಳಿ ತಟ್ಟೆಯಲ್ಲಿ ಅಕ್ಕಚ್ಚು ಇಟ್ಟಂತೆ. ರಾತ್ರಿ ದನ ಬರುವ ಮೊದಲು ಕಳ್ಳ ಬರುತ್ತಾನೆ. ಕಳ್ಳ ಬರುವ ಮೊದಲು ‘ಇದು ಎಲ್ಲಿಯದು, ರಶೀದಿ ಎಲ್ಲಿ’ ಎಂದು ಕೇಳುವವರು ಬರುತ್ತಾರೆ. ಬ್ರಿಟಿಷರ ಕಾಲದಲ್ಲಿ ಸಾಗವಾನಿ, ಸೀಸಂ, ಗಂಧಗಳು ಸರ್ಕಾರದ ಮರಗಳು. ಯಾರ ಜಮೀನಿನಲ್ಲಿ ಹುಟ್ಟಿದರೂ ಅವು ದೊರೆಯ ಮಕ್ಕಳು, ನಾವು ಸಾಕುವವರು ಮಾತ್ರ. 1976ರ ಮರ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಕೊಡಲಿ ಎತ್ತುವ ಮೊದಲು ಅರ್ಜಿ ಎತ್ತಬೇಕು. ಅರ್ಜಿಯ ಬಾಳಿಕೆ ಯಾವ ದರ್ಜೆಯದು ಎಂದು ಯಾವ ಸಂಸ್ಥೆಯೂ ಹುಗಿದು ನೋಡಿಲ್ಲ.

ಸೊಪ್ಪಿನ ಬೆಟ್ಟ ಇದೆಯಲ್ಲ ಎನ್ನುತ್ತೀರಿ. ಇದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ನಡೆದ ಹಗ್ಗಜಗ್ಗಾಟಗಳ ಫಲ ಅದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯ. ಸೊಪ್ಪು, ದರಕು, ಕರಡ ನಮ್ಮದು. ಬೆಟ್ಟ ನಮ್ಮದೋ ಎಂದರೆ, ನಮ್ಮದೇ ಆದರೆ ನಮ್ಮದಲ್ಲ. ಮಾವನ ಮನೆಯ ಹಾಗೆ, ಉಣ್ಣಬಹುದು, ಮಾರಬಾರದು. ಅದಲ್ಲದೆ 1983ರ ಸೆಪ್ಟೆಂಬರಿನಲ್ಲಿ ಇದೇ ತಾಲೂಕಿನ ಸಾಲ್ಕಣಿಯ ಹತ್ತಿರದ ಕಳಾಸೆ ಕಾಡಿನಲ್ಲಿ ಜನ ಮರ ತಬ್ಬಿ ನಿಂತು ಕೊಡಲಿ ತಡೆದರು. ಅಪ್ಪಿಕೋ ಎಂದು ದೇಶವೆಲ್ಲ ಹೆಸರಾಯಿತು. ನಾನಾಗ ಹೈಸ್ಕೂಲು, ಗೆಳೆಯರ ಜೊತೆ ಶಾಲೆಯ ಹಿಂದಿನ ಮರವನ್ನು ತಬ್ಬಿ ಅಭ್ಯಾಸ ಮಾಡಿ ಕೆಂಪಿರುವೆ ಕಚ್ಚಿಸಿಕೊಂಡವನು. ಈಗ ಅದೇ ಕೈಯಲ್ಲಿ ನಲವತ್ತು ಗೂಟಕ್ಕೆ ಎಳೆ ಮತ್ತಿ ಕಡಿಯುವುದಕ್ಕೆ ಮನಸ್ಸು ಒಗ್ಗಲಿಲ್ಲ. ಹೀಗೆ ಹೇಳಿಕೊಂಡರೆ ಚೆನ್ನಾಗಿ ಕೇಳುತ್ತದೆ. ಸೊಂಟ ನೋವಿದ್ದದ್ದೂ ಒಂದು ಕಾರಣ.

ಅಪ್ಪಯ್ಯನ ಕಾಲದಲ್ಲಿ ಈ ಚರ್ಚೆಯೇ ಇರಲಿಲ್ಲ. ಬೇಲಿ ಎಂದರೆ ಬಿದಿರು ಮುಳ್ಳು. ಮುಳ್ಳಿನ ಕೊಂಬೆಗಳನ್ನು ಹೊರೆ ಕಟ್ಟಿ ತಂದು, ಎರಡು ಗಳಗಳ ನಡುವೆ ಒತ್ತಿ ಹಂಬಿನಿಂದ ಬಿಗಿದರೆ ದನ ಹಾಗಿರಲಿ, ಕೋಳಿ ಕೂಡ ಯೋಚನೆ ಮಾಡಿ ದಾಟಬೇಕು. ಗಳವನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ಒಳಗಿನ ಹಿಟ್ಟಿನಂಶ ನೀರಲ್ಲಿ ಕರಗಿ ಹೋದರೆ ಕುಟ್ಟೆಹುಳಕ್ಕೆ ತಿನ್ನಲು ಏನೂ ಉಳಿಯುವುದಿಲ್ಲ. ಮೇಲೆ ತೆಗೆದಾಗ ಅದರ ನಾತ ಮೂರು ಮನೆ ದಾಟುತ್ತಿತ್ತು. ಆ ನಾತ ಬಂತೆಂದರೆ ಬೇಲಿಯ ಕಾಲ ಬಂತು, ಶಾಲೆ ಶುರುವಾಗುವ ದಿನ ಹತ್ತಿರ ಬಂತು ಎಂದು ನಮ್ಮ ಹೊಟ್ಟೆಯಲ್ಲಿ ಚಿಟ್ಟೆ.

ಬಿದಿರಿನ ವಿಷಯಕ್ಕೆ ನಮ್ಮ ಜಿಲ್ಲೆಯದೇ ಒಂದು ಕತೆ ಇದೆ. ಮಾಧವ ಗಾಡ್ಗೀಳರು 1970ರ ದಶಕದಲ್ಲಿ ಇಲ್ಲಿನ ಬಿದಿರನ್ನು ಅಧ್ಯಯನ ಮಾಡಲು ಬಂದರು. ಕಾಗದದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಯಾಕೆ ಮುಗಿಯುತ್ತಿದೆ ಎಂಬುದು ಪ್ರಶ್ನೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡಿರುತ್ತವಲ್ಲ, ಕಡಿಯಲು ಅಡ್ಡಿ, ಗಳ ಬೆಳೆಯಲೂ ಇಕ್ಕಟ್ಟು ಎಂದು ಅದನ್ನು ಸವರಿ ಚೊಕ್ಕಟ ಮಾಡಿಸುವುದು ಆಗಿನ ಶಾಸ್ತ್ರೀಯ ಪದ್ಧತಿ. ಹಳ್ಳಿಯವರು ಬೇರೆ ಹೇಳಿದರು: ಮುಳ್ಳು ತೆಗೆದದ್ದೇ ತಪ್ಪು. ಕಳಲೆ ಏಳುವಾಗ ದನ, ಹಂದಿ, ಮಂಗ, ಮುಳ್ಳುಹಂದಿ ಎಲ್ಲಕ್ಕೂ ಅದು ಪಾಯಸ. ಆ ಮುಳ್ಳೇ ಅದರ ಕಾವಲು. ಗಾಡ್ಗೀಳರು ಮೆಳೆಗಳನ್ನು ಎಣಿಸಿ ನೋಡಿದರೆ ಹಳ್ಳಿಯವರ ಮಾತೇ ಸರಿ. ಚೊಕ್ಕಟ ಮಾಡಿದ ಮೆಳೆಗಳಲ್ಲಿ ಹೊಸ ಗಳ ಏಳುವುದು ಕಡಿಮೆಯಾಗಿತ್ತು. ನನಗೆ ಈ ಕತೆಯಲ್ಲಿ ರುಚಿಸುವುದು ಇಷ್ಟೇ. ನಾವು ಬೇಲಿಗೆಂದು ಕಡಿದು ತರುತ್ತಿದ್ದದ್ದು ಬಿದಿರಿನ ಸ್ವಂತ ಬೇಲಿಯನ್ನು. ನಮ್ಮ ಹೊರೆ ಸಣ್ಣದಿತ್ತು, ಮೆಳೆ ಸಹಿಸಿಕೊಂಡಿತ್ತು. ನಲವತ್ತು ಚಿಲ್ಲರೆ ವರ್ಷಕ್ಕೊಮ್ಮೆ ಹೂ ಬಿಟ್ಟು ಇಡೀ ಸೀಮೆಯ ಬಿದಿರು ಒಟ್ಟಿಗೇ ಸಾಯುವುದು ಬೇರೆ ವಿಷಯ. ನಮ್ಮ ಬೆಟ್ಟದ ಹಳೇ ಮೆಳೆಗಳೂ ಹಾಗೆ ಹೋದವು. ಈಗ ಎದ್ದಿರುವ ಮರಿಗಳಿಗೆ ಗೂಟದ ವಯಸ್ಸಾಗಿಲ್ಲ.

ಅಂತೂ ಬೇಲಿ ಕಟ್ಟುವವನನ್ನು ಕರೆಸಿದೆ. ಅವನ ಅಪ್ಪ ನಮ್ಮಪ್ಪಯ್ಯನ ಬೇಲಿ ಕಟ್ಟಿದವನು. ಹತ್ತು ವರ್ಷ ಬರುವ ಬೇಲಿ ಬೇಕು ಎಂದೆ. ಅವನು ಹಾರೆ ಊರಿ ನಿಂತು ನನ್ನನ್ನೇ ನೋಡಿದ.

“ಹೆಗಡೇರೆ, ಹತ್ತು ವರ್ಷದ ಬೇಲಿ ಕಟ್ಟಿಕೊಟ್ರೆ ಉಳಿದ ಒಂಬತ್ತು ವರ್ಷ ನಾ ಏನ್ ತಿನ್ಲಿ?”

ಮಾತು ನ್ಯಾಯವಾದದ್ದೇ. ಆದರೂ ಅವನು ಹಿತ್ತಿಲೆಲ್ಲ ಒಂದು ಸುತ್ತು ಹಾಕಿ, ಹೆಂಡತಿಯ ಮಲ್ಲಿಗೆ ಬಳ್ಳಿಯ ಮುಂದೆ ನಿಂತ. ಬಳ್ಳಿಯನ್ನು ಕೈಯಿಂದ ಸರಿಸಿದ. ಕತ್ತಿಯ ಹಿಮ್ಮಡಿಯಿಂದ ಒಳಗಿದ್ದ ಕಂಬಕ್ಕೆ ಕುಟ್ಟಿದ. ಠಣ್ ಎಂದಿತು. ಮರವಲ್ಲ, ಗಂಟೆ.

“ಇದು ಜಂಬೆ. ನಿಮ್ಮಜ್ಜ ಹುಗ್ಸಿದ್ದು. ನಮ್ಮಪ್ಪ ಹೇಳ್ತಿದ್ದ.”

ಇಪ್ಪತ್ತು ವರ್ಷ ಅದು ಮಲ್ಲಿಗೆಯ ಕಂಬ ಎಂದೇ ನಾನು ತಿಳಿದದ್ದು. ಬಳ್ಳಿ ಬಿಡಿಸಿ ನೋಡಿದೆ. ಹೊರಗಿನ ಬಿಳಿಭಾಗವೆಲ್ಲ ಎಂದೋ ತಿಂದು ಹೋಗಿ, ಮಳೆ ತೊಳೆದು ತೊಳೆದು ಎಲುಬಿನಂತೆ ಬೂದು ಬಣ್ಣಕ್ಕೆ ತಿರುಗಿದ ಕೆಚ್ಚೊಂದೇ ಉಳಿದಿತ್ತು. ಉದ್ದಕ್ಕೂ ಸಣ್ಣ ಸೀಳುಗಳು, ಒಂದು ಸೀಳಿನಲ್ಲಿ ಇರುವೆಯ ಸಾಲು, ಪಡುವಣ ಮೈಗೆ ಪಾಚಿ. ಉಗುರು ಊರಿದರೆ ಉಗುರೇ ಸೋಲುತ್ತದೆ. ಕತ್ತಿಯ ತುದಿಯಿಂದ ಒಂಚೂರು ಕೆರೆದರೆ ಒಳಗೆ ಕೆಂಪುಕಂದು, ಇನ್ನೂ ಹಸಿಯೇನೋ ಅನ್ನುವಂತೆ. ನೆಲಮಟ್ಟದಲ್ಲಿ ಮಾತ್ರ ನಡು ಕಟ್ಟಿದ ಹಾಗೆ ಸ್ವಲ್ಪ ಸಪೂರ. 1968ರಲ್ಲಿ ಹುಗಿದ ಗೂಟ ಅದು. ವರ್ಷ ಹೇಗೆ ಗೊತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಹಿಂದೆ ರೈಲು ಹಳಿಗಳ ಕೆಳಗೆ ಸ್ಲೀಪರು ಮಾಡಿ ಹಾಸುತ್ತಿದ್ದ ಮರ ಜಂಬೆ. ಬೇಸಗೆಯ ಮಧ್ಯಾಹ್ನ ಬೆಟ್ಟದಲ್ಲಿ ಹೋಗುತ್ತಿದ್ದರೆ ಅದರ ಕಾಯಿ ಬಿಸಿಲಿಗೆ ಚಟಾರೆಂದು ಸಿಡಿದು ಬೀಜ ಎಸೆಯುತ್ತದೆ. ಗೊತ್ತಿಲ್ಲದವರು ಯಾರೋ ಕಲ್ಲು ಹೊಡೆದರೆಂದು ತಿರುಗಿ ನೋಡುತ್ತಾರೆ.

ಸರಿ, ಈ ಒಂದು ಗೂಟ ಸಿಕ್ಕಿತಲ್ಲ, ಇದನ್ನು ಕಿತ್ತು ಪಡುವಣ ಮೂಲೆಗೆ ನೆಟ್ಟರೆ ನಾನು ಸಾಯುವತನಕ ಆನಿಕೊಂಡು ಫೋನು ಮಾಡಬಹುದು ಎಂದು ಲೆಕ್ಕ ಹಾಕಿದೆ. ಹಾರೆ ಇಳಿಯಿತು. ಒಂದಡಿ ಅಗೆದಿದ್ದೆವೋ ಇಲ್ಲವೋ, ಬೇಲಿಯ ಆಚೆಯಿಂದ ಕೆಮ್ಮು ಕೇಳಿತು. ದೊಡ್ಡಪ್ಪನ ಮಗ, ನನ್ನ ಅಣ್ಣ. ಕೆಮ್ಮು ನಮ್ಮಲ್ಲಿ ಪೀಠಿಕೆ.

“ತಮಾ, ಅದ್ನ ಮುಟ್ಟಡ.”

“ಎಂತಕ್ಕೆ ಅಣ್ಣ? ಮಲ್ಲಿಗೆ ಕಂಬ ಅಲ್ದಾ?”

“ಮಲ್ಲಿಗೆ ನಿಂದು. ಕಂಬ ಗಡಿದು. ಹಿಸೆ ಆದ ವರ್ಷ ಅಜ್ಜ ನಿಂತು ಹುಗ್ಸಿದ್ದು. ನಾ ಹಾರೆ ಹಿಡ್ಕಂಡು ನಿಂತಿದ್ದಿ, ಆರು ವರ್ಷ ನನಗೆ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ದೊಡ್ಡಪ್ಪನಿಗೂ ಅಪ್ಪಯ್ಯನಿಗೂ ಹಿಸೆಯಾದದ್ದು 1968ರಲ್ಲಿ, ಕಾಗದ ಮನೆಯಲ್ಲಿದೆ. ಗಡಿಗೆ ಹುಗಿದ ಗೂಟ ಈಗ ನನ್ನ ಬೇಲಿಯಿಂದ ಒಳಗೆ, ನನ್ನ ಹಿತ್ತಿಲಲ್ಲಿ, ಎರಡಡಿ ಈಚೆಗಿದೆ. ಗೂಟ ನಡೆದು ಬಂದಿಲ್ಲ. ಅಂದ ಮೇಲೆ ನಡೆದದ್ದು ಬೇಲಿ.

ಬೇಲಿ ನಡೆಯುತ್ತದೆ ಎಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ವರ್ಷಾ ವರ್ಷಾ ಹೊಸದಾಗಿ ಕಟ್ಟುವಾಗ ಹಳೇ ಗುಂಡಿ ಸಡಿಲ ಇರುತ್ತದೆ, ಪಕ್ಕದಲ್ಲಿ ಹೊಸ ಗುಂಡಿ ತೆಗೆಯುತ್ತಾರೆ. ಈಚೆ ಪಕ್ಕದಲ್ಲಿ ಯಾರೂ ತೆಗೆಯುವುದಿಲ್ಲ. ಎಳೆ ಮರದ ಬೇಲಿ ಹೀಗೆ ವರ್ಷಕ್ಕೆ ಅರ್ಧ ಬೆರಳು, ಒಂದು ಬೆರಳು ಸರಿಯುತ್ತ, ಯಾರ ಮನಸ್ಸಿನಲ್ಲೂ ಪಾಪವಿಲ್ಲದೆ, ಐವತ್ತು ವರ್ಷದಲ್ಲಿ ಎರಡಡಿ ದಾಯಾದಿಯ ಜಾಗಕ್ಕೆ ದಾಟಿರುತ್ತದೆ. ಅಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾಕೆ ಹೇಳಲಿಲ್ಲ? ಹೇಳಬೇಕಾದ ಪ್ರಸಂಗ ಬಂದಿರಲಿಲ್ಲ, ಗೂಟ ನಿಂತೇ ಇತ್ತಲ್ಲ ಎಂದ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದು ಗಾದೆಯಲ್ಲಿ ನಗುತ್ತೇವೆ. ಇಲ್ಲಿ ಗೂಟವೇ ಓತಿಯ ವಿರುದ್ಧ ಸಾಕ್ಷಿ ನುಡಿದಿತ್ತು. ಅದೂ ಅಜ್ಜನ ಗೂಟ, ಮೊಮ್ಮಗನ ವಿರುದ್ಧ.

ಅಣ್ಣ ಜಗಳದವನಲ್ಲ. ಸರ್ವೆಯವರನ್ನು ಕರೆಸುವುದು ಬೇಡ, ಅವರು ಬಂದರೆ ಗೂಟವೂ ಉಳಿಯದು ನಾವೂ ಉಳಿಯೆವು ಎಂದ. ಕವಳ ಹಾಕಿಕೊಂಡು ಮೂವರೂ ಅಲ್ಲೇ ಕಟ್ಟೆಯ ಮೇಲೆ ಕೂತೆವು. ಗಟ್ಟಿ ಗೂಟಕ್ಕಾಗಿ ಊರೆಲ್ಲ ಹುಡುಕಿದವನಿಗೆ ಗಟ್ಟಿ ಗೂಟ ಎಂದರೇನೆಂದು ಗೊತ್ತಾದದ್ದು ಆಗಲೇ. ನಾನು ಕೇಳಿದ್ದು ಮರದ ಬಾಳಿಕೆ, ಅಜ್ಜ ಜಂಬೆ ಆರಿಸಿದ್ದು ಮಕ್ಕಳ ಗುಣ ನೋಡಿ. ತರಕಾರಿ ಕಾಯಲು ಅವನೂ ಬಿದಿರು ಮುಳ್ಳನ್ನೇ ಕಟ್ಟಿಸಿದವನು.

ಉಳಿದ ಮೂವತ್ತೊಂಬತ್ತು ಗೂಟಗಳ ಕತೆ ಬೇಗ ಹೇಳಿ ಮುಗಿಸುತ್ತೇನೆ. ಸಿಮೆಂಟ್ ಕಂಬಕ್ಕೆ ದರ ಕೇಳಿ ಸುಮ್ಮನಾದೆ. ನಮ್ಮ ಕಡೆ ಐಬೆಕ್ಸ್ ಎಂದು ಕರೆಯುವ ಸೋಲಾರ್ ಬೇಲಿ ತೋಟಕ್ಕೆ ಸರಿ, ಹಂದಿ ಹಿಂದೆ ಸರಿಯುತ್ತದೆ. ಹಿತ್ತಿಲಿಗೆ ಹಾಕಿದರೆ ಹುಲ್ಲು ತಂತಿಗೆ ತಾಗಿ ಕರೆಂಟು ನೆಲಕ್ಕಿಳಿಯುತ್ತದೆ, ಹರಿವೆ ಸೊಪ್ಪು ಕೊಯ್ಯಲು ಹೋದ ಹೆಂಡತಿಗೆ ಒಮ್ಮೆ ತಾಗಿದರೆ ಆಮೇಲೆ ನನಗೆ ದಿನಾ ತಾಗುತ್ತದೆ. ಮುಳ್ಳುತಂತಿ ಹಾಕಬಹುದಿತ್ತು. ಅಮೆರಿಕದ ಇಲಿನಾಯ್ಸಿನಲ್ಲಿ ಗ್ಲಿಡನ್ ಎಂಬ ರೈತ 1874ರಲ್ಲಿ ಅದಕ್ಕೆ ಪೇಟೆಂಟು ಪಡೆದದ್ದು, ಬೇಲಿಗೆ ಸಾಕಷ್ಟು ಮರವಿಲ್ಲದ ಹುಲ್ಲುಗಾವಲಿನ ಸೀಮೆಯಲ್ಲಿ. ಸುತ್ತ ಕಾಡಿಟ್ಟುಕೊಂಡು ಆ ಬಡತನವನ್ನು ಕೊಂಡು ತರುವುದೇ? ಅದಕ್ಕೂ ಗೂಟ ಬೇಕೇ ಬೇಕು ಎಂಬುದು ಆಮೇಲೆ ಹೊಳೆಯಿತು.

ಕೊನೆಗೆ ಗೊಬ್ಬರದ ಗಿಡ. ಗ್ಲಿರಿಸಿಡಿಯಾ. ಮಧ್ಯ ಅಮೆರಿಕದಿಂದ ಬಂದ ಗಿಡ, ಆ ಹೆಸರಿನ ಅರ್ಥ ಇಲಿ ಕೊಲ್ಲುವುದು ಎಂದು. ನಮ್ಮ ಇಲಿಗಳು ಲ್ಯಾಟಿನ್ ಓದಿಲ್ಲ. ತೋಳು ದಪ್ಪದ ಕೊಂಬೆಯನ್ನು ಓರೆಯಾಗಿ ಕಡಿದು, ಮಳೆ ಬೀಳುವ ಮೊದಲು ಹುಗಿದರೆ ಜೂನ್ ಮುಗಿಯುವುದರೊಳಗೆ ಚಿಗುರುತ್ತದೆ. ಬದುಕಿರುವ ಗೂಟಕ್ಕೆ ಒರಲೆಯ ಕಾಟ ಕಡಿಮೆ. ವರ್ಷಕ್ಕೆರಡು ಸಲ ಸವರಿದ ಸೊಪ್ಪು ಅಡಿಕೆ ಮರದ ಬುಡಕ್ಕೆ. ಬೇಲಿ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೇವೆ. ಇಲ್ಲಿ ತೋಟವೇ ಎದ್ದು ಬೇಲಿ ಮೇಯುತ್ತದೆ. ಅಡ್ಡಕ್ಕೆ ಅಡಿಕೆ ದಬ್ಬೆ, ಕಟ್ಟಲು ಬೆಟ್ಟದ ಹಂಬು. ದಬ್ಬೆ ಎರಡು ವರ್ಷ ಬಂದರೆ ಹೆಚ್ಚು, ಹಂಬು ಒಂದೇ ಮಳೆಗಾಲ. ಬೇಲಿ ಕಟ್ಟುವವನ ಮುಖ ಅರಳಿತು. ಮುಂದಿನ ಮೇ ತಿಂಗಳ ಹದಿನೈದಕ್ಕೆ ಬರುತ್ತೇನೆ ಎಂದು ಅವನೇ ದಿನ ಗೊತ್ತು ಮಾಡಿಕೊಂಡು ಹೋದ.

ಬೇಲಿ ಅಜ್ಜನ ಗೂಟದ ಗೆರೆಗೆ ಹಿಂದೆ ಸರಿಯಿತು. ಗೂಟದ ಪಕ್ಕ ಒಂದು ದಣಪೆ ಇರಲಿ ಎಂದು ಎರಡೂ ಮನೆಯ ಹೆಂಗಸರು ಹೇಳಿದರು. ನಮ್ಮಲ್ಲಿ ಗಡಿ ಯಾರ ಹೆಸರಿನಲ್ಲೇ ಇರಲಿ, ದಣಪೆಯ ಅಧಿಕಾರ ಅವರದು. ಮೊಗೆಕಾಯಿ ಬೀಜ ಆಚೆ ಹೋಯಿತು, ಹೀರೆ ಬೀಜ ಈಚೆ ಬಂತು. ದನ ತಿಂದ ಬಸಳೆಗೆ ಬದಲಾಗಿ ಅತ್ತಿಗೆ ಕೆಂಪು ಬಸಳೆಯ ಕಡ್ಡಿ ಕೊಟ್ಟಳು. ಬುಡ ಹತ್ತಿದೆ.

ಒಂದು ತೊಂದರೆ ಮಾತ್ರ ಉಳಿಯಿತು. ಬೇಲಿ ಎರಡಡಿ ಹಿಂದೆ ಬಂದಾಗ ನೆಟ್‌ವರ್ಕ್ ಹಿಂದೆ ಬರಲಿಲ್ಲ. ಅದು ಇದ್ದಲ್ಲೇ ಇದೆ, ಈಗ ಅಣ್ಣನ ಹಿತ್ತಿಲಲ್ಲಿ. ಚಿಗುರುವ ಗೂಟಗಳನ್ನು ಅಲುಗಿಸಿದರೆ ಬೇರು ಹಿಡಿಯುವುದಿಲ್ಲವೆಂದು ಅವುಗಳಿಗೆ ಆನಿಕೊಳ್ಳಲೂ ನನಗೆ ನಿಷೇಧ. ಹಾಗಾಗಿ ಸಂಜೆ ಏಳಕ್ಕೆ ದಣಪೆಯ ಗಳ ಸರಿಸಿ ಆಚೆ ಹೋಗಿ, ಹಿಡಿಯಲು ಏನೂ ಇಲ್ಲದೆ, ಕುಮಟೆಯ ಕಡೆಗೆ ಕತ್ತು ವಾಲಿಸಿ ನಿಲ್ಲುತ್ತೇನೆ. ಅಣ್ಣ ಕವಳದ ಸಂಚಿ ಹಿಡಿದು ಬಂದು ಪಕ್ಕದ ಕಲ್ಲಿನ ಮೇಲೆ ಕೂರುತ್ತಾನೆ. ಅವನಿಗೆ ಬೇಡವೆಂದರೂ ಕೇಳಿಸುತ್ತದೆ, ಬೇಡ ಎಂದು ಅವನೇನೂ ಹೇಳಿಲ್ಲ.

ನಿನ್ನೆ ಮಗಳು ಕೇಳಿದಳು: “ಅಪ್ಪಯ್ಯಾ, ಎಲ್ಲಿದ್ದೆ?”

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಕವಳ ಉಗಿದು ಬಂದು ಫೋನಿಗೆ ಬಾಯಿ ತಂದ.

“ನನ್ನ ಜಾಗದಲ್ಲಿ ಇದ್ದ. ಮಾತಾಡು, ಅಡ್ಡಿಲ್ಲೆ.”